ಏಣಿ ಗುರುತಿಗೆ ಒಂದು ಹರಕೆ

ಡಿಸೆಂಬರ್ 6, 1979. ಗುರುವಾರ

ಮೈಕು ರಿಪೇರಿ ಮಾಡಲು ಹೋದ ಮನುಷ್ಯ ಎಂಪಿ ಎಲೆಕ್ಷನ್ನಿನ ಅಭ್ಯರ್ಥಿಯಾಗಿ ಮನೆಗೆ ಬಂದಿದ್ದಾರೆ. ಯಾರ ಹತ್ತಿರವಾದರೂ ಹೇಳಿಕೊಂಡು ಅಳೋಣವೆಂದರೆ ಹೆಬ್ಬಗೋಡಿಗೆಲ್ಲ ನನಗಿಂತ ಮೊದಲೇ ಗೊತ್ತಾಗಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಎಸ್ಸೆಸ್ಸೆಲ್ಸಿ ಓದಿದ್ದು ಇದಕ್ಕಾದರೂ ಉಪಯೋಗಕ್ಕೆ ಬರಲಿ.

ಗುಂಡುತೋಪಿನಲ್ಲಿ ಇವತ್ತು ರೈತರೂ ಫ್ಯಾಕ್ಟರಿ ಕೆಲಸಗಾರರೂ ಸೇರಿ ಸಭೆ ಮಾಡಿದರಂತೆ. ಫ್ಯಾಕ್ಟರಿಗಳಿಗೆ ಜಮೀನು ಹೋದವರ ಮಕ್ಕಳಿಗೆ ಕೆಲಸ ಕೊಡಿಸುತ್ತೇನೆಂದು ಓಟು ತೆಗೆದುಕೊಂಡು ಹೋದ ಎಂಪಿ ಮತ್ತೆ ಈ ಕಡೆ ಮುಖ ಹಾಕಿಲ್ಲ, ಈ ಸಲ ಅವರ ಎದುರು ನಮ್ಮವನೊಬ್ಬನನ್ನು ನಿಲ್ಲಿಸಲೇಬೇಕು ಎಂದು ತೀರ್ಮಾನ. ಆನೇಕಲ್ಲಿನ ಒಬ್ಬ ವಕೀಲರು ನಿಲ್ಲಬೇಕಾಗಿತ್ತು, ಕೊನೇ ಗಳಿಗೆಯಲ್ಲಿ ಕೈ ಕೊಟ್ಟರು. ಇವರು ಮೂಲೆಯಲ್ಲಿ ಕೂತು ಮೈಕಿನ ವೈರು ಸರಿಮಾಡುತ್ತಿದ್ದವರು ಎದ್ದು ನಿಂತು, "ಹಲೋ, ಈಗ ಸರಿಹೋಯ್ತು" ಅಂದರಂತೆ. ಯಾರೋ ಚಪ್ಪಾಳೆ ತಟ್ಟಿದರು. ಯೂನಿಯನ್ನಿನ ಕೃಷ್ಣಪ್ಪ, "ನಮ್ ಲಕ್ಷ್ಮಣಪ್ಪಣ್ಣನೇ ಯಾಕಾಗ್ಬಾರ್ದು?" ಅಂದ. ಅಲ್ಲಿಗೆ ಮುಗಿಯಿತು.

ಸುತ್ತಲ ಊರಿನ ಪಂಪ್‌ಸೆಟ್ಟುಗಳನ್ನೆಲ್ಲ ರಿಪೇರಿ ಮಾಡಿಕೊಂಡಿರುವವರಿಗೆ ಡೆಲ್ಲಿ ಯಾಕೆ?

"ಆಗಲ್ಲ ಅನ್ನಬಾರದಾಗಿತ್ತೇನ್ರೀ?" ಅಂದೆ.

"ಅನ್ನೋಣ ಅಂತಲೇ ಇದ್ದೆ ಕಣೇ. ಅಷ್ಟರಲ್ಲಿ ಮೈಕು ಆಫ್ ಮಾಡ್ಬಿಟ್ರು."

ನಗು ಬಂತು, ಸಿಟ್ಟೂ ಬಂತು. ನಗಲಿಲ್ಲ.

ಡಿಸೆಂಬರ್ 10, ಸೋಮವಾರ

ನಾಮಪತ್ರ ಹಾಕಿ ಬಂದರು. ಪಕ್ಷೇತರ. ಊರವರು ಹಾರ ಹಾಕಿ ಎತ್ತಿನ ಗಾಡಿಯಲ್ಲಿ ಮೆರವಣಿಗೆ ಮಾಡಿದರು. ಬೆಳಿಗ್ಗೆ ಒಂದು ಲೋಟ ಹಾಲು ಕುಡಿದು ಹೋದವರು ಸಂಜೆಯವರೆಗೆ ಏನೂ ತಿಂದಿಲ್ಲ. ಗಾಡಿಯ ಮೇಲೆ ಕೈ ಮುಗಿಯುತ್ತಿದ್ದಾಗಲೇ ಒಂದು ಕೈ ಜಾರಿ ಹೊಟ್ಟೆಯ ಹತ್ತಿರ ಹೋಯಿತು. ಊರಿಗೆಲ್ಲ ಅದು ವಿನಯದಂತೆ ಕಂಡಿರಬೇಕು. ನನಗೆ ಅದೇನೆಂದು ಗೊತ್ತು.

ಹೋದ ವರ್ಷ ಯುಗಾದಿಯ ಮರುದಿನ ಇವರು ರಕ್ತ ಕಾರಿದಾಗ ಹಿಡಿದುಕೊಂಡವಳು ನಾನು. ಹೊಟ್ಟೆಯಲ್ಲಿ ಹುಣ್ಣಾಗಿದೆ, ಹೊತ್ತು ಹೊತ್ತಿಗೆ ಊಟ ಮಾಡಬೇಕು, ಖಾರ ಮುಟ್ಟಬಾರದು, ಯೋಚನೆ ಹಚ್ಚಿಕೊಳ್ಳಬಾರದು, ಇನ್ನೊಂದು ಸಲ ಹೀಗಾದರೆ ಕಷ್ಟ ಎಂದು ಡಾಕ್ಟರು ನನ್ನ ಮುಖ ನೋಡಿಕೊಂಡೇ ಹೇಳಿದರು. ಎಲೆಕ್ಷನ್ನಿಗೆ ನಿಂತವರು ಹೊತ್ತು ಹೊತ್ತಿಗೆ ಉಂಡು ನಿಶ್ಚಿಂತೆಯಾಗಿರುವುದನ್ನು ಯಾರಾದರೂ ನೋಡಿದ್ದಾರೆಯೇ?

ಕೃಷ್ಣಪ್ಪನಿಗೆ ಹೇಳಿದೆ. "ಅತ್ಗೆ, ನೀವೇನೂ ಯೋಚ್ನೆ ಮಾಡ್ಬೇಡಿ, ನಾವಿದೀವಲ್ಲ" ಅಂದ. ಇವನಿರುವುದೇ ನನ್ನ ಯೋಚನೆ.

ಡಿಸೆಂಬರ್ 14, ಶುಕ್ರವಾರ

ಇವತ್ತು ಆದದ್ದನ್ನು ಬರೆದೇ ಮಲಗಬೇಕು.

ಗುರುತು ಕೊಟ್ಟಿದ್ದಾರೆ. ಏಣಿ. ಕೃಷ್ಣಪ್ಪ ಎಲ್ಲಿಂದಲೋ ಪೇಂಟರನ್ನು ಹಿಡಿದು ತಂದು, ಮೊದಲ ಗುರುತು ಅಭ್ಯರ್ಥಿಯ ಮನೆ ಗೋಡೆಯ ಮೇಲೇ ಬರಲಿ ಎಂದ. ನಮ್ಮ ಜಗಲಿಯ ಗೋಡೆ ಗಿಡ್ಡ. ನಿಂತ ಏಣಿಗೆ ಎತ್ತರ ಸಾಲಲಿಲ್ಲ. ಆ ಪುಣ್ಯಾತ್ಮ ಏಣಿಯನ್ನು ಅಡ್ಡ ಮಲಗಿಸಿ ಬರೆದುಬಿಟ್ಟ. ಎರಡು ಉದ್ದ ಬಿದಿರು, ನಡುವೆ ಅಡ್ಡ ಪಟ್ಟಿಗಳು, ಮೂಲೆಗೆ ಚೆಂದಕ್ಕೆಂದು ಎರಡು ಹೂವು ಬೇರೆ. ನಾನು ನೀರು ಹೊತ್ತು ಬಂದವಳು ನೋಡಿ ಬಿಂದಿಗೆ ಕೈಬಿಟ್ಟೆ. ಅದು ಏಣಿಯಲ್ಲ, ಚಟ್ಟ. ಹೂವು ಹಾಕಿ ಸಿದ್ಧಮಾಡಿಟ್ಟ ಚಟ್ಟ.

ಪಕ್ಕದ ಮನೆ ಪಿಳ್ಳಮ್ಮ ಓಡಿ ಬಂದು ಪೇಂಟರನ ಮೇಲೆ ಹರಿಹಾಯ್ದಳು. "ಏನ್ಲಾ ಇದು? ಮನೆ ಮುಂದೆ ಎಂಥದ್ದು ಬರ್ದಿದೀಯ? ಕಣ್ಣು ಕಾಣಾಕಿಲ್ವ?" ಪೇಂಟರು ಪಟ್ಟಣದವನು, ಯಾಕೆ ಬೈಯುತ್ತಿದ್ದಾರೆಂದು ತಿಳಿಯದೆ ಇನ್ನೂ ಒಂದು ಹೂವು ಸೇರಿಸಲು ಹೊರಟ. ಕೊನೆಗೆ ಪಿಳ್ಳಮ್ಮನೇ ಸಗಣಿ ತಂದು ಸಾರಿಸಿದಳು. ಇವರು ಬಂದು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಟ್ಟೆ ಹಿಡಿದುಕೊಂಡದ್ದು ನಗುವಿಗೋ ನೋವಿಗೋ ನನಗೆ ಗೊತ್ತಾಗಲಿಲ್ಲ.

ಸಂಜೆ ಮಾರಮ್ಮನ ಗುಡಿಗೆ ಹೋದೆ. ಊರ ಹೆಂಗಸರೆಲ್ಲ ಇವರು ಗೆಲ್ಲಲೆಂದು ಕೈ ಮುಗಿಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ನಾನು ಕಣ್ಣು ಮುಚ್ಚಿ ಬೇರೆಯೇ ಕೇಳಿದೆ. ತಾಯೀ, ಇವರು ಸೋಲಲಿ. ಸೋತು, ಜೀವ ಸಹಿತ ಮನೆಗೆ ಬರಲಿ. ಬಂದರೆ ನಿನಗೆ ತಂಬಿಟ್ಟಿನ ಆರತಿ ತರುತ್ತೇನೆ.

ಕಟ್ಟಿಕೊಂಡ ಗಂಡ ಸೋಲಲೆಂದು ಹರಕೆ ಹೊತ್ತವಳು ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ಆದರೂ ಎದೆಯ ಭಾರ ಸ್ವಲ್ಪ ಇಳಿಯಿತು.

ಡಿಸೆಂಬರ್ 19, ಬುಧವಾರ

ಬುತ್ತಿ ಕಟ್ಟಿ ಕೊಟ್ಟರೆ ಇವರು ಜೀಪಿನಲ್ಲಿರುವವರಿಗೆಲ್ಲ ಹಂಚಿ ಖಾಲಿ ಕ್ಯಾರಿಯರ್ ತರುತ್ತಾರೆ. ಇವತ್ತಿನಿಂದ ನಾನೇ ಹೋಗುವುದೆಂದು ತೀರ್ಮಾನಿಸಿದೆ. ಮಜ್ಜಿಗೆ, ಮೆತ್ತಗಿನ ಅನ್ನ, ಖಾರವಿಲ್ಲದ ಸಾರು ಹಿಡಿದು ಬಸ್ಸು ಹತ್ತಿ ಚಂದಾಪುರಕ್ಕೆ ಹೋದರೆ, "ಈಗ ತಾನೆ ಜಿಗಣಿ ಕಡೆ ಓದ್ರಲ್ಲ" ಅಂದರು. ಜಿಗಣಿ ದಾರಿಯಲ್ಲಿ ಸಿಕ್ಕರು. ರಸ್ತೆ ಮೇಲೆ ರೈತರು ರಾಗಿ ತೆನೆ ಹರಡಿದ್ದರು. ಇವರು ಓಟು ಕೇಳುವುದು ಬಿಟ್ಟು, ಡ್ರೈವರಿಗೆ ಹೇಳಿ ಜೀಪನ್ನು ತೆನೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಿಸುತ್ತಿದ್ದರು. ರಾಗಿ ಪೂರ್ತಿ ಉದುರುವವರೆಗೆ ಪ್ರಚಾರ ನಿಂತಿತ್ತು. ಕೃಷ್ಣಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದ.

ಮರದ ಕೆಳಗೆ ಕೂರಿಸಿ ಉಣ್ಣಿಸಿದೆ. ಎದ್ದು ಹೋಗಲು ಬಿಡಲಿಲ್ಲ.

ಡಿಸೆಂಬರ್ 23, ಭಾನುವಾರ

ಕ್ಯಾರಿಯರ್ ಹಿಡಿದು ಜೀಪಿನ ಹಿಂದೆ ಅಲೆಯುವುದಕ್ಕಿಂತ ಜೀಪಿನಲ್ಲೇ ಕೂರುವುದು ಸುಲಭವೆಂದು ಕೂತೆ. ಊಟದ ಹೊತ್ತಿಗೆ ಮಾತ್ರ ನನ್ನ ಕೆಲಸ, ಬೇರೆ ಯಾವುದಕ್ಕೂ ಬಾಯಿ ಹಾಕುವುದಿಲ್ಲವೆಂದು ಮೊದಲೇ ಹೇಳಿದ್ದೆ. ಜಿಗಣಿಯಲ್ಲಿ ಗಂಡಸರು ಭಾಷಣ ಕೇಳುತ್ತಿದ್ದಾಗ ನಲ್ಲಿ ಹತ್ತಿರ ಹೆಂಗಸರು ನನ್ನನ್ನು ಸುತ್ತುಗಟ್ಟಿದರು.

"ಯಾರಮ್ಮ ನಿಂತಿರೋರು?"

ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. "ನಮ್ಮನೆಯವರು" ಅಂದೆ.

"ಎಸ್ರೇನು?"

ಹೇಗೆ ಹೇಳಲಿ? "ರಾಮದೇವರ ತಮ್ಮನ ಹೆಸರು" ಅಂದೆ. ಒಬ್ಬಳು "ಭರತಪ್ಪನಾ?" ಅಂದಳು. ಇನ್ನೊಬ್ಬಳು "ಶತ್ರುಘ್ನ ಅಂತ ಯಾರಾದ್ರೂ ಎಸ್ರಿಕ್ತಾರೇನೇ" ಅಂತ ನಕ್ಕಳು. ಒಬ್ಬಳು ಮುದುಕಿ, "ಎಸ್ರು ಯಾವ್ದಾರ ಆಗ್ಲಿ, ಈ ನಲ್ಲೀಲಿ ನೀರು ಬಂದು ಮೂರು ತಿಂಗ್ಳಾತು. ಅದಕ್ಕೇನು ಮಾಡ್ತಾನೆ ಕೇಳು" ಅಂದಳು. ಕೇಳುತ್ತೇನೆ ಅಂದೆ. ಆ ನಲ್ಲಿಯ ವಿಚಾರ ಬರುವ ದಾರಿಯುದ್ದಕ್ಕೂ ತಲೆಯಲ್ಲಿತ್ತು. ನನಗೇಕೆ ಬೇಕು ಅದು?

ಡಿಸೆಂಬರ್ 25, ಮಂಗಳವಾರ

ಇವರು ಎರಡು ಹೊತ್ತೂ ಉಂಡರು. ನೋವಿಲ್ಲ ಅಂದರು. ನಂಬಿದೆ.

ಡಿಸೆಂಬರ್ 28, ಶುಕ್ರವಾರ

ಇವತ್ತು ನಾನು ಮಾಡಿದ್ದನ್ನು ನೋಡಿದ್ದರೆ ನಮ್ಮ ಅತ್ತೆ ಸಮಾಧಿಯಿಂದ ಎದ್ದು ಬಂದಿರುತ್ತಿದ್ದರು.

ಚಂದಾಪುರದ ಸಂತೆ ಮೈದಾನ. ನಮ್ಮದಕ್ಕಿಂತ ಮೊದಲು ಎದುರು ಪಾರ್ಟಿಯವರ ಸಭೆ. ನಾವು ಅಂಗಡಿ ಸಾಲಿನ ನೆರಳಲ್ಲಿ ಕಾಯುತ್ತಿದ್ದೆವು. ಅವರ ಭಾಷಣಕಾರ ಒಬ್ಬ ಬಿಳಿ ಜುಬ್ಬದವನು ಹೇಳುತ್ತಾನೆ, "ಇವ್ರು ಒಬ್ಬ ಮೋಟ್ರು ಮೆಕ್ಯಾನಿಕ್ಕನ್ನ ನಿಲ್ಸವ್ರೆ. ಓಗ್ಲಿ ಬಿಡಿ. ಆದ್ರೆ ಆವಯ್ಯಂಗೆ ಒಟ್ಟೆ ಉಣ್ಣು ಕಣ್ರಪ್ಪ. ನೀವು ಐದು ವರ್ಸಕ್ಕೆ ಓಟು ಆಕ್ತೀರ, ಆವಯ್ಯ ಐದು ತಿಂಗ್ಳಿಗೆ ಓದ್ರೆ ಏನ್ ಮಾಡ್ತೀರ?" ಜನ ನಕ್ಕರು.

ಇವರು ತಲೆ ತಗ್ಗಿಸಿ ಕಾಲಿನ ಕೆಳಗಿನ ಮಣ್ಣು ನೋಡುತ್ತಿದ್ದರು. ನನ್ನ ಭಯ ನನ್ನದು, ಬೇರೆಯವರು ಅದನ್ನು ತಮಾಷೆಗೆ ಬಳಸಲು ನಾನು ಬಿಟ್ಟುಕೊಟ್ಟಿಲ್ಲ. ಅವರ ಸಭೆ ಮುಗಿದು ನಮ್ಮ ಮೈಕು ಹಾಕಿದ ಕೂಡಲೇ ಹೋಗಿ ಕೃಷ್ಣಪ್ಪನ ಕೈಯಿಂದ ಕಿತ್ತುಕೊಂಡೆ.

ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಊಟ ಬಿಟ್ಟು ನಿಮ್ಮ ಬಾವಿಗಿಳಿದು ಮೋಟಾರು ಎತ್ತಿದ್ದಕ್ಕೇ ಅಲ್ಲವಾ ಆ ಹುಣ್ಣು ಬಂದದ್ದು, ನಗುವವರಲ್ಲಿ ಯಾರ್ಯಾರ ಬಾವಿಗೆ ಇಳಿದಿದ್ದರೆಂದು ನಾನು ಹೇಳಲಾ ಅಂದೆ. ನಗು ನಿಂತಿತು. ಜಿಗಣಿಯ ನಲ್ಲಿ, ಜಮೀನು ಹೋದವರ ಮಕ್ಕಳ ಕೆಲಸ, ನಮ್ಮೂರಿಗಿಲ್ಲದ ಹೆರಿಗೆ ಆಸ್ಪತ್ರೆ, ಎಲ್ಲ ಬಂತು. ಕೊನೆಗೆ ಏಣಿ ಗುರುತಿಗೆ ಓಟು ಹಾಕಿ ಅಂದು ನಿಲ್ಲಿಸಿದೆ. ಹಿಂದಿನಿಂದ ಒಬ್ಬ, "ಎಸ್ರು ಏಳಿ ಅಕ್ಕಾ!" ಎಂದು ಕೂಗಿದ. ಮೈದಾನವೆಲ್ಲ ನನ್ನ ಬಾಯನ್ನೇ ನೋಡುತ್ತಿತ್ತು.

"ಲಕ್ಷ್ಮಣಪ್ಪ!" ಅಂದೆ. ಮೈಕು ಅದನ್ನು ಹೊಸೂರು ರಸ್ತೆಯವರೆಗೂ ಕೂಗಿತು.

ಮೈಕು ಕೃಷ್ಣಪ್ಪನ ಕೈಗೆ ಕೊಟ್ಟು ಕೆಳಗಿಳಿದೆ. ಇವರು ನೀರು ಕೊಟ್ಟರು. "ಇಪ್ಪತ್ತೆರಡು ವರ್ಷ ಆದ್ಮೇಲೆ ನಿನ್ ಬಾಯಲ್ಲಿ ನನ್ನ ಹೆಸರು ಕೇಳ್ದೆ. ಅದಕ್ಕೆ ಎಲೆಕ್ಷನ್ನಿಗೇ ನಿಲ್ಲಬೇಕಾಯ್ತಲ್ಲೇ" ಅಂದರು. ಕಣ್ಣಲ್ಲಿ ನೀರಿತ್ತು. ನನಗೆ ನಾಚಿಕೆಯಾಯಿತು, ಖುಷಿಯೂ ಆಯಿತು.

ಜನವರಿ 1, 1980. ಮಂಗಳವಾರ

ದಿನಕ್ಕೆ ನಾಲ್ಕು ಊರು. ಎರಡರಲ್ಲಿ ಇವರು, ಎರಡರಲ್ಲಿ ನಾನು. ಹೀಗಾದರೆ ಇವರಿಗೆ ಮಧ್ಯಾಹ್ನ ಮಲಗಲು ಬಿಡುವು ಸಿಗುತ್ತದೆ ಎಂಬುದಷ್ಟೇ ಕಾರಣ. ಇವರ ಮುಖದಲ್ಲಿ ಬಣ್ಣ ಬಂದಿದೆ. ಹೊಟ್ಟೆಗೆ ಕೈ ಹೋಗುವುದನ್ನು ನಾನು ನೋಡಿ ವಾರವಾಯಿತು. ಎಲ್ಲ ಕಡೆ ಏಣಿ ಏಣಿ ಎನ್ನುತ್ತಿದ್ದಾರೆ. ಗೆದ್ದರೂ ಗೆಲ್ಲಬಹುದು ಎಂದು ಕೃಷ್ಣಪ್ಪ ಹೇಳಿದಾಗ ನನಗೆ ಆ ಹರಕೆ ನೆನಪಾಯಿತು.

ನೇರವಾಗಿ ಪೂಜಾರಿ ಚಿಕ್ಕಬೈರಪ್ಪನವರ ಹತ್ತಿರ ಹೋದೆ. ನನ್ನದೆಂದು ಹೇಳಲಾಗುತ್ತದೆಯೇ? "ನನ್ನ ತಂಗಿ ಒಂದು ಹರಕೆ ಹೊತ್ತಿದ್ದಳು. ಈಗ ಬೇಡ ಅನ್ನಿಸಿದೆಯಂತೆ. ವಾಪಸ್ಸು ತಗೊಳ್ಳೋಕೆ ಏನಾದರೂ ಉಂಟಾ?" ಅಂದೆ. ನನಗೆ ತಂಗಿಯೇ ಇಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತು.

"ಅರ್ಕೆ ಅಂದ್ರೆ ನಾಮಿನೇಸನ್ನೇನಮ್ಮ, ವಾಪಸ್ ತಗೋಳಕೆ? ಆ ಲೆಕ್ಕ ತಗೊಂಡ್ರೂ ವಾಪಸ್ ತಗೋಳೋ ದಿನ ದಾಟೋಯ್ತು" ಅಂದರು. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. "ಒಂದ್ ಕೆಲ್ಸ ಮಾಡು. ಇನ್ನೊಂದು ಅರ್ಕೆ ಒತ್ಕೋ. ಎರಡೂ ಅಮ್ಮನ ಮುಂದೆ ಇರ್ಲಿ. ಅವಳೇ ನೋಡಿ ಯಾವ್ದು ಬೇಕೋ ಅದ್ನ ಇಡ್ಕೋತಾಳೆ."

ಹೊತ್ತೆ. ಸೋತರೆ ಒಂದು ಆರತಿ ಅಂದಿದ್ದೆನಲ್ಲ, ಗೆದ್ದರೆ ಐದು. ಓಟಿಗೆ ಕಾಸು ಹಂಚುವವರನ್ನು ನಿನ್ನೆ ಬೈದು ಬಂದ ಬಾಯಲ್ಲೇ ಇವತ್ತು ಮಾರಮ್ಮನಿಗೆ ಆಸೆ ತೋರಿಸಿದೆ. ತಾಯಿ ಕ್ಷಮಿಸಲಿ.

ಜನವರಿ 6, ಭಾನುವಾರ

ಓಟು ಮುಗಿಯಿತು. ನಮ್ಮೂರ ಹೆಂಗಸರು ಬೆಳಿಗ್ಗೆಯೇ ತಲೆಗೆ ಹೂ ಮುಡಿದು ಸಾಲು ನಿಂತಿದ್ದರು. ಓಟಿನ ಚೀಟಿಯಲ್ಲಿ ಏಣಿ ನೆಟ್ಟಗೆ ನಿಂತಿತ್ತು. ಮುದ್ರೆ ಒತ್ತುವಾಗ, ಹರಕೆ ಏನೇ ಇರಲಿ ನನ್ನ ಓಟು ಇದು ಎಂದು ಮನಸ್ಸಿನಲ್ಲೇ ಮಾರಮ್ಮನಿಗೆ ಹೇಳಿದೆ.

ಹೊರಗೆ ಬಂದರೆ ಪಿಳ್ಳಮ್ಮ, "ಏಣಿಗೇ ಒತ್ದೆ ಕಣಕ್ಕ, ಆಣೆಗೂ" ಅಂದಳು. ಅವಳೇಕೆ ಆಣೆ ಇಟ್ಟಳೋ. ನಾನೇನೂ ಕೇಳಿರಲಿಲ್ಲ.

ಜನವರಿ 8, ಮಂಗಳವಾರ

ಸೋತೆವು.

ಬೆಳಿಗ್ಗೆ ನಮ್ಮ ಕಡೆಯ ಪೆಟ್ಟಿಗೆಗಳನ್ನು ಬಿಚ್ಚಿದಾಗ ಏಣಿಯೇ ಮುಂದಿತ್ತಂತೆ. ಕೃಷ್ಣಪ್ಪ ಯಾರದೋ ಸ್ಕೂಟರಿನಲ್ಲಿ ಬಂದು ಸುದ್ದಿ ಮುಟ್ಟಿಸಿ ಹೋದ. ಅಂಗಳದಲ್ಲಿ ಜನ ಸೇರಿ ಪಟಾಕಿ ಹುಡುಕುತ್ತಿದ್ದರು. ಮಧ್ಯಾಹ್ನದ ಮೇಲೆ ದೂರದ ತಾಲ್ಲೂಕುಗಳ ಪೆಟ್ಟಿಗೆಗಳು. ಅಲ್ಲಿ ನಮ್ಮನ್ನು ಕಂಡವರೇ ಇಲ್ಲ. ನೋಡನೋಡುತ್ತಿದ್ದಂತೆ ಇಳಿಯಿತು. ಸಂಜೆಗೆ ಎರಡನೇ ಸ್ಥಾನ, ಹಳೇ ಎಂಪಿಯೇ ಮತ್ತೆ ಎಂಪಿ.

ಲಕ್ಷ್ಮಣಪ್ಪನವರು ಕತ್ತಲಾಗುವ ಮುಂಚೆ ಒಬ್ಬರೇ ನಡೆದು ಬಂದರು. ನಾನು ಬಾಗಿಲಲ್ಲಿ ಜೀವ ಕೈಯಲ್ಲಿ ಹಿಡಿದು ನಿಂತಿದ್ದೆ. ಮುಖ ನೋಡಿದೆ, ಹೊಟ್ಟೆ ನೋಡಿದೆ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಗೋಡೆಗೆ ಒರಗಿ ಕೂತರು.

"ಭಾಗ್ಯ, ಹಿದುಕಿದ ಅವರೆ ಸಾರು ಮಾಡಿದೀಯಾ? ದಾರಿಗೇ ವಾಸನೆ ಬರ್ತಾ ಇದೆ."

ಎರಡು ಮುದ್ದೆ ಉಂಡರು. ಎರಡು! ರಕ್ತ ಕಾರಿದ ಆ ಯುಗಾದಿಯಿಂದ ಒಂದು ಮುದ್ದೆ ಮುಗಿಸಿದವರಲ್ಲ. ಉಂಡವರೇ ಚಾಪೆ ಹಾಸಿ ಮಲಗಿ ಗೊರಕೆ ಹೊಡೆದರು. ನಾನು ಪಕ್ಕದಲ್ಲಿ ಕೂತು ಆ ಗೊರಕೆ ಕೇಳಿದೆ. ಬಂದರು, ಬದುಕಿ ಬಂದರು. ನನ್ನ ಎದೆಯ ಮೇಲಿಂದ ಒಂದು ತಿಂಗಳ ಬಂಡೆ ಇಳಿಯಿತು. ಸಂತೋಷಕ್ಕೆ ಅತ್ತೆ.

ಆಮೇಲೆ ನಲ್ಲಿ ಹತ್ತಿರದ ಆ ಮುದುಕಿ ನೆನಪಾಗಿ ಇನ್ನೂ ಸ್ವಲ್ಪ ಅತ್ತೆ. ಅದು ಸಂತೋಷಕ್ಕಲ್ಲ.

ಜನವರಿ 11, ಶುಕ್ರವಾರ

ಮಾರಮ್ಮ ಕಡಿಮೆ ಆರತಿಯ ಹರಕೆಯನ್ನೇ ಹಿಡಿದುಕೊಂಡಳು. ಅವಳಿಗೆ ಆಸೆಯಿಲ್ಲ, ನನಗೇ ಬುದ್ಧಿಯಿಲ್ಲ. ಸೋತದ್ದು ನನ್ನಿಂದಲೇ ಇರಬಹುದೇ? ಲಕ್ಷ್ಮಣಪ್ಪನವರು ಹಾಡಿಕೊಂಡು ಮೋಟಾರು ಬಿಚ್ಚುತ್ತಿದ್ದಾರೆ. ಅವರ ಮುಖ ನೋಡಲು ನನಗಾಗುತ್ತಿಲ್ಲ.

ಜನವರಿ 22, ಮಂಗಳವಾರ

ಸಂಕ್ರಾಂತಿ ಕಳೆಯಲಿ ಎಂದು ಮುಂದೂಡಿದೆ. ಇನ್ನು ಮುಂದೂಡಿದರೆ ಅಮ್ಮ ಸುಮ್ಮನಿರುವುದಿಲ್ಲ ಎನ್ನಿಸಿ ಇವತ್ತು ಅಕ್ಕಿ ಹಿಟ್ಟು, ಬೆಲ್ಲ ಕಲಸಿ ತಂಬಿಟ್ಟು ಮಾಡಿ, ನಡುವೆ ಗುಳಿ ಮಾಡಿ ತುಪ್ಪದ ಬತ್ತಿ ಇಟ್ಟೆ.

"ಯಾವ್ದಕ್ಕೇ ಆರತಿ?" ಅಂದರು.

"ನಿಮ್ಮ ಆರೋಗ್ಯಕ್ಕೆ" ಅಂದೆ. ಸುಳ್ಳಲ್ಲ.

"ಹಂಗಾದ್ರೆ ನಾನೂ ಬರ್ತೀನಿ" ಎಂದು ತಟ್ಟೆಯನ್ನು ತಾವೇ ಎತ್ತಿಕೊಂಡರು. ಬೇಡ ಅನ್ನಲು ಕಾರಣ ಹೊಳೆಯಲಿಲ್ಲ. ದಾರಿಯುದ್ದಕ್ಕೂ ತಮ್ಮ ಸೋಲಿನ ಹರಕೆಯನ್ನು ತಾವೇ ಹೊತ್ತು ನಡೆದರು. ಎದುರಿಗೆ ಬಂದವರನ್ನೆಲ್ಲ ನಗುನಗುತ್ತಾ ಮಾತಾಡಿಸಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಗುಡಿಯ ಬಾಗಿಲಲ್ಲಿ ಪಿಳ್ಳಮ್ಮ. ಸೆರಗಿನ ಕೆಳಗೆ ತಟ್ಟೆ. ನಮ್ಮನ್ನು ಕಂಡು ಕಂಬದ ಹಿಂದೆ ಸರಿದಳು. ಒಳಗೆ ಹೋದರೆ ನಮ್ಮ ಬೀದಿಯ ಮಾರಕ್ಕ, ಅವಳ ಪಕ್ಕದಲ್ಲಿ ಕೆಳಗಿನ ಬೀದಿಯ ದೊಡ್ಡಮುನಿಯಪ್ಪನ ಹೆಂಡತಿ, ಗೋಡೆಯ ಕಡೆ ಮುಖ ಮಾಡಿ ಇನ್ನೂ ಹಲವರು. ಎಲ್ಲರ ಮುಂದೆಯೂ ತಂಬಿಟ್ಟಿನ ಆರತಿ. ಹಬ್ಬವಿಲ್ಲ ಹರಿದಿನವಿಲ್ಲ. ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ.

ಚಿಕ್ಕಬೈರಪ್ಪನವರು ಒಂದು ಸುತ್ತು ನೋಡಿದರು. "ಎಲ್ಲಾರ್ದೂ ಒಂದೇ ಅರ್ಕೆ ತಾನೆ? ಒಟ್ಟಿಗೇ ಬೆಳಗ್ಬಿಡನಾ?" ಅಂದರು.

ಮೊದಲು ಬಾಯಿ ಬಿಟ್ಟವಳು ಪಿಳ್ಳಮ್ಮ.

"ತೆಪ್ಪಾಯ್ತು ಕಣಣ್ಣ. ಓಟು ಏಣಿಗೇ ಒತ್ತಿವ್ನಿ, ಅಮ್ಮನ ಮುಂದೆ ನಿಂತು ಏಳ್ತೀನಿ. ಆದ್ರೆ ನೀನು ಗೆದ್ದು ಡೆಲ್ಲಿಗೆ ಒಂಟೋದ್ರೆ ನಮ್ ಮೋಟ್ರು ಯಾರು ನೋಡ್ತಾರೆ? ಬೆಳೆ ಒಣಗೋಯ್ತದೆ. ಅದಕ್ಕೇ ನೀನು ಸೋಲ್ಲಿ ಅಂತ..."

"ನಾನೂ ಅದೇಯ" ಎಂದಳು ಮಾರಕ್ಕ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. "ಓಟು ನಿಂಗೇಯ. ಅರ್ಕೆ ಮಾತ್ರ ಇಂಗೆ." ಉಳಿದವರು ತಲೆಯಾಡಿಸಿದರು.

ಲಕ್ಷ್ಮಣಪ್ಪನವರು ಕೈಯಲ್ಲಿದ್ದ ತಟ್ಟೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ತಟ್ಟೆ ಕೆಳಗಿಟ್ಟು, ಕಂಬ ಹಿಡಿದುಕೊಂಡು, ನಗಲು ಶುರುಮಾಡಿದರು. ಅದೆಂಥ ನಗು! ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದರು. ಈ ಸಲ ಅದು ನೋವಲ್ಲವೆಂದು ನನಗೆ ಸ್ಪಷ್ಟವಾಗಿ ಗೊತ್ತಾಯಿತು.

"ಅಲ್ಲ ಚಿಕ್ಕಬೈರಪ್ಪ, ಎದುರು ಪಾರ್ಟಿಯವ್ರು ಸುಮ್ನೆ ಅಷ್ಟು ಊರು ಸುತ್ತಿದ್ರು ನೋಡು. ನನ್ನ ಸೋಲಿಸೋಕೆ ನಮ್ಮೂರಿನವ್ರೇ ಸಾಕಾಗಿತ್ತು" ಅಂದರು. ಹೆಂಗಸರೂ ನಕ್ಕರು. ಆರತಿ ಎಲ್ಲವನ್ನೂ ಒಟ್ಟಿಗೇ ಬೆಳಗಿದರು.

ನಾನೊಬ್ಬಳು ನಗಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು. "ನನಗಾದರೆ ಇವರ ಜೀವದ ಭಯ ಇತ್ತು. ಮೋಟಾರಿಗೋಸ್ಕರ ಒಬ್ಬ ಎಂಪಿಯನ್ನ ಕಳ್ಕೊಂಡ್ರಲ್ಲೇ! ಜಿಗಣಿಯ ನಲ್ಲಿಗೆ ಯಾರು ಜವಾಬು ಹೇಳೋರು? ನಿಮ್ಮ ಹುಡುಗರ ಕೆಲಸಕ್ಕೆ ಯಾರು ಕೂಗಾಡೋರು?" ಎಂದು ಗುಡಿಯಲ್ಲೇ ಎಲ್ಲರನ್ನೂ ತರಾಟೆಗೆ ತೆಗೆದುಕೊಂಡೆ. ಪಿಳ್ಳಮ್ಮ ಕಣ್ಣು ಮಿಟುಕಿಸುತ್ತಾ ನೋಡಿದಳು. "ನೀನೇ ಕೂಗಾಡ್ತಾ ಇದೀಯಲ್ಲಕ್ಕ" ಅಂದಳು. ಅವಳಿಗೆ ಯಾವ ಮಾತು ಎಲ್ಲಿ ಆಡಬೇಕೆಂಬುದೇ ಗೊತ್ತಿಲ್ಲ.

ಮನೆಗೆ ಬಂದು ಲಕ್ಷ್ಮಣಪ್ಪನವರು ನನ್ನ ತಂಬಿಟ್ಟನ್ನು ಪೂರ್ತಿ ತಿಂದರು. ಒಂದು ಮಾತೂ ಆಡಿ ತೋರಿಸಲಿಲ್ಲ. ಮನಸ್ಸು ಹತ್ತಿಯಷ್ಟು ಹಗುರಾಗಿದೆ. ಇಷ್ಟು ನೆಮ್ಮದಿ ಯಾವತ್ತೂ ಕಂಡಿರಲಿಲ್ಲ. ಇನ್ನು ಈ ಮನೆಗೂ ರಾಜಕೀಯಕ್ಕೂ ಸಂಬಂಧ ಮುಗಿಯಿತು.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಜಿಗಣಿಯ ಹೆಂಗಸರನ್ನು ಕರೆದುಕೊಂಡು ಆನೇಕಲ್ಲಿನ ತಾಲ್ಲೂಕು ಕಚೇರಿಗೆ ಹೋಗಿ ಬರಬೇಕು, ನಲ್ಲಿಯ ವಿಚಾರಕ್ಕೆ. ಮನೆಯ ಅಡುಗೆ ಲಕ್ಷ್ಮಣಪ್ಪನವರೇ ಮಾಡಿಕೊಳ್ಳುತ್ತಾರಂತೆ. ಮುಂದಿನ ಸಲ ನಾಮಪತ್ರ ಹಾಕುವುದಕ್ಕೆ ಮುಂಚೆಯೇ ಊರೂರ ಹೆಂಗಸರನ್ನು ಸೇರಿಸಿ, ಯಾರು ಏನು ಹರಕೆ ಹೊರಬೇಕೆಂದು ಇತ್ಯರ್ಥ ಮಾಡಿಬಿಡಬೇಕು. ದೂರದ ತಾಲ್ಲೂಕುಗಳಿಗೂ ಈಗಿನಿಂದಲೇ ಓಡಾಡಬೇಕು. ಇದನ್ನು ಲಕ್ಷ್ಮಣಪ್ಪನವರಿಗೆ ಸದ್ಯಕ್ಕೆ ಹೇಳುವುದಿಲ್ಲ. ಹೊಟ್ಟೆ ಪೂರ್ತಿ ವಾಸಿಯಾಗಲಿ.